ಓಡೆಲ್ ಕೇಳದೆ ಬಿಟ್ಟ ಪ್ರಶ್ನೆ

೪ ನವೆಂಬರ್ ೨೦೧೪, ಮಂಗಳವಾರ, ಸ್ಟಾಕ್ಟನ್

ಕೇಳಿರಿ, ಕೇಳಿರಿ, ನೆರೆದ ಮಹಾಜನರೇ! ಕೋಣೆಯಲ್ಲಿ ಇರುವವನು ನಾನೊಬ್ಬನೇ, ಇರಲಿ. ಸಣ್ಣ ಕಳ್ಳತನ, ಚಿಟಿಕೆ ಮಾದಕವಸ್ತು ಇಟ್ಟುಕೊಂಡದ್ದು, ಇವು ಇನ್ನು ಘೋರ ಅಪರಾಧವಲ್ಲವೆಂದು ಕ್ಯಾಲಿಫೋರ್ನಿಯಾದ ಜನ ಇಂದು ಮತ ಹಾಕಿ ತೀರ್ಮಾನಿಸಿದರು. ನನ್ನನ್ನು ಕೊರೆಯುತ್ತಿರುವುದು ಮಾತ್ರ ಪಕ್ಕದ ಮನೆಯ ಓಡೆಲ್.

ನಮ್ಮ ಬೀದಿಯ ಮತಗಟ್ಟೆ ಎಂದಿನಂತೆ, ಚುನಾವಣೆ ಕೆಲಸ ನೋಡಿಕೊಳ್ಳುವ ಪಚೆಕೊ ಅಮ್ಮನ ಮನೆಯ ಗ್ಯಾರೇಜು. ಓಡೆಲ್ ರಸ್ತೆಯಾಚೆ ನಿಂತು ನೋಡುತ್ತಿದ್ದ.

"ಬಾರಯ್ಯ, ಇದು ನಿನ್ನಂಥವರದೇ ವಿಷಯ!" ಎಂದೆ.

"ಸುಮ್ನಿರೋ ನಾಟಕದವ್ನೇ. ಚಿಟಿಕೆ ಪುಡಿಗೆ ಜೈಲಿಗೆ ಹೋಗ್ಬಂದವ್ನಿಗೆ ಎಲ್ಲೀ ಓಟು?"

ಕಸ ಹಾಕಲು ಹೊರಬಂದ ಪಚೆಕೊ ಅಮ್ಮ ಗದರಿದರು: "ಯಾರಪ್ಪಾ ಹೇಳಿದ್ದು ನಿಂಗೆ? ಶಿಕ್ಷೆ, ಬಿಟ್ಮೇಲಿನ ನಿಗಾದ ಪರೋಲು ಎಲ್ಲಾ ಮುಗ್ದು ಹದಿನಾಲ್ಕು ವರ್ಷ ಆಯ್ತು. ಓಟರ್ ಪಟ್ಟೀಲಿ ಹೆಸರು ಬರೆಸಿದ್ರೆ ಸಾಕಿತ್ತು, ಪೆದ್ದೇ!"

ಹದಿನಾಲ್ಕು ವರ್ಷ ಯಾರನ್ನೂ ಕೇಳದೆ ಹೇಗಿದ್ದ? ನಾಚಿಕೆಯೇ? ಇಲ್ಲವೆಂದಾರು ಎಂಬ ಭಯವೇ?

ರಾತ್ರಿ ಫಲಿತಾಂಶ ಬಂದ ಮೇಲೆ ಓಡೆಲ್ ನನ್ನ ಬಾಗಿಲಿಗೆ ಬಂದ. "ನನ್ ಹೆಸರಿನ ಕಳಂಕ ತಾನಾಗೇ ಹೋಗತ್ತಾ? ಹಳೇ ಕೇಸ್ ನೋಡಿ ಬೇಡ ಅಂದ ಆಸ್ಪತ್ರೆಯೋರು ಈಗ ಕೆಲಸ ಕೊಡ್ತಾರಾ?"

"ಕೆಲಸದ್ದು ಗೊತ್ತಿಲ್ಲ. ಕಳಂಕ ಹೋಗೋಕೆ ಕೋರ್ಟಿಗೆ ಅರ್ಜಿ ಹಾಕ್ಬೇಕು, ಓಡೆಲ್."

"ಮತ್ತೆ ಹೋಗಿ ಕೇಳ್ಬೇಕಾ!" ಎಂದವನು ಒಂದು ಹೆಜ್ಜೆ ಹಿಂದೆ ಸರಿದ.

ನಾಳೆ ಬೆಳಿಗ್ಗೆ ಎಂಟಕ್ಕೆ ಅವನನ್ನು ಕೋರ್ಟಿನಲ್ಲಿ ಅರ್ಜಿ ಕೊಡುವ ಕಿಟಕಿಯವರೆಗೆ ಕರೆದೊಯ್ಯುತ್ತೇನೆ. ಅಲ್ಲಿ ನಾನು ತುಟಿ ಬಿಚ್ಚುವುದಿಲ್ಲ. ಕೇಳುವವನು ಅವನೇ.