ದಾಟಲಾಗದವರ ಪಾಲು

ಬೆಂಗ್ರೆ, ಮಂಗಳೂರು
ನೂಲ ಹುಣ್ಣಿಮೆಯ ಮರುದಿನ, 1936

ನಮ್ಮ ಕೂಟದ ಯಜಮಾನರು, ಗುರಿಕಾರರಾದ ಬೂಬ ಮಾವನವರಿಗೆ ಸೇಸಪ್ಪನ ನಮಸ್ಕಾರ.

ನಿನ್ನೆಯ ಸಮುದ್ರಪೂಜೆಯ ಹಾಲನ್ನು ಪರದೇಶಿಯೊಬ್ಬ ಮುಟ್ಟಿದನೆಂಬ ದೂರು ನೀವಿರುವ ಮಲ್ಪೆಯವರೆಗೂ ಬಂದಿರಬೇಕು. ನಿಜ. ಚೊಂಬು ಕೊಟ್ಟವನು ನಾನೇ.

ಅವನು ಮಂಗೋಲಿಯಾದ ತೊರ್ಗೂತ್ ಎಂಬ ಸಣ್ಣ ಪಂಗಡದವನು. ಬೌದ್ಧ ಯಾತ್ರಿಕ; ಅವರೂ ಪೂಜಿಸುವ ಕದ್ರಿಯ ಲೋಕೇಶ್ವರನನ್ನು ನೋಡಲು ಬಂದಿದ್ದ. ಕಡಲನ್ನು ಕಂಡದ್ದು ಇದೇ ಮೊದಲು. ನಾನು ಬೊಂಬಾಯಿಯಲ್ಲಿ ಕಲಿತ ಹಿಂದೂಸ್ತಾನಿಯಲ್ಲಿ ಮಾತಾಡಿಸಿದೆ; ಅವನಿಗೂ ಅಷ್ಟಿಷ್ಟು ಬರುತ್ತಿತ್ತು. ನೂರರುವತ್ತು ವರ್ಷಗಳ ಹಿಂದೆ ಅವರ ಹಿರಿಯರು ರಷ್ಯಾದ ವೋಲ್ಗಾ ನದಿಯ ಎರಡೂ ದಡಗಳಲ್ಲಿದ್ದರಂತೆ. ಮೂಲದ ನೆಲಕ್ಕೆ ಮರಳಲು ಎಲ್ಲರೂ ಸಿದ್ಧರಾದರು. ಚಳಿಗಾಲದಲ್ಲಿ ಆ ನದಿ ಹೆಪ್ಪುಗಟ್ಟಿ ಕಲ್ಲಾಗುತ್ತದಂತೆ. ನೀರಿನ ಮೇಲೆ ಕುದುರೆ ನಡೆಯುವುದು, ಮಾವ! ಆ ವರ್ಷ ಮಾತ್ರ ನೀರು ಕಲ್ಲಾಗಲಿಲ್ಲ. ಈಚೆ ದಡದವರು ಹೊರಟರು, ಆಚೆ ದಡದವರು ದಾಟಲಾಗದೆ ಅಲ್ಲೇ ಉಳಿದರು.

"ದೋಣಿ ಇರಲಿಲ್ವಾ ಮಾರಾಯ?" ಎಂದೆ. ಅಷ್ಟು ಜನ, ಕುದುರೆ, ಒಂಟೆ ಯಾವ ದೋಣಿಗೆ ಹಿಡಿದೀತು ಎಂದ.

ಅವನ ಮನೆಯಲ್ಲಿ ಹೆಂಗಸರು ಈಗಲೂ ಬೆಳಗಿನ ಮೊದಲ ಹಾಲನ್ನು ಆ ನದಿಯ ದಿಕ್ಕಿಗೆ ಚಿಮುಕಿಸುತ್ತಾರಂತೆ, ದಾಟಲಾಗದವರ ಪಾಲೆಂದು. ನಮ್ಮ ಕಡಲಿಗೂ ಹಾಗೆಯೇ ಚಿಮುಕಿಸಿದ.

ನಾನು ನೆರೆದವರಿಗೆ ಇದನ್ನೆಲ್ಲ ತುಳುವಿನಲ್ಲಿ ಹೇಳುವುದನ್ನು ಕೇಳುತ್ತಿದ್ದ ಅಮ್ಮ ಮುಂದೆ ಬಂದಳು. ನನ್ನ ತಮ್ಮ ಮುದ್ದು ಮೀನು ಹಿಡಿಯಲು ಹೋದವನು ಮರಳದ ಮೇಲೆ, ಆರು ವರ್ಷ ಕಡಲಿಗೆ ಬೆನ್ನು ಹಾಕಿದವಳು. "ಇಲ್ಲಿ ಕೊಡು, ನನ್ನ ಮಗನಿಗೂ ಪಾಲುಂಟು" ಎಂದು ಚೊಂಬು ತೆಗೆದುಕೊಂಡಳು.

ಕೂಟದವರು ಏನು ತೀರ್ಮಾನಿಸಿದರೂ ತಲೆಬಾಗುತ್ತೇನೆ. ಕೂಟಕ್ಕೆ ಬರುವಾಗ, ಅಂದು ದಡಕ್ಕೆ ತೇಲಿಬಂದದ್ದು ಅಮ್ಮನ ಕಣ್ಣಿಗೆ ಬೀಳಬಾರದೆಂದು ನಿಮ್ಮ ಅಟ್ಟದಲ್ಲಿಟ್ಟ ಮುದ್ದುವಿನ ದೋಣಿಯ ಹುಟ್ಟನ್ನು ತನ್ನಿ. ಅಮ್ಮ ಕೇಳುತ್ತಿದ್ದಾಳೆ.

ನಿಮ್ಮ ಅಳಿಯ,
ಸೇಸಪ್ಪ