ರೆನೆ ಎಂದರೆ ಮತ್ತೆ ಹುಟ್ಟಿದವನು

ಆಂಜೆ
12 ನವೆಂಬರ್ 1974

ನನ್ನ ಮುದ್ದು ಸೊಲಾಂಜ್,

ನನ್ನ ಅಕ್ಷರ ಕಂಡ ಕೂಡಲೇ ಈ ಪತ್ರವನ್ನು ಮಗುಚಿ ಹಾಕಿ ಬೇರೆ ಕೆಲಸಕ್ಕೆ ಎದ್ದು ಹೋಗಬೇಡ. ಪೂರ್ತಿ ಓದು, ಆಮೇಲೆ ನಿನ್ನ ಗಂಡನಿಗೂ ಓದಲು ಕೊಡು. ನಿಮ್ಮಿಬ್ಬರ ನಡುವೆ ಹತ್ತಿಕೊಂಡಿರುವ ಬೆಂಕಿಗೆ ಕಡ್ಡಿ ಗೀರಿದವಳು ನಾನೇ.

ಮೊನ್ನೆ ನೀನು ಫೋನಿನಲ್ಲಿ ಅಳುತ್ತಾ ಹೇಳಿದ್ದು ಕಿವಿ ಬಿಟ್ಟು ಹೋಗುತ್ತಿಲ್ಲ. ಮೀನು ಹಡಗಿನಿಂದ ಇಳಿದು ಬಂದ ಯಾನಿಕ್ ತೊಟ್ಟಿಲ ಮುಂದೆ ನಿಂತು, "ಇವನು ನನ್ನ ಮಗನೋ, ಇಲ್ಲ ಸತ್ತೋದವನ ಜಾಗ ತುಂಬಕ್ಕೆ ಬಂದೋನೋ?" ಎಂದು ಕೇಳಿದನಂತೆ. ಮೊದಲ ಕೂಸನ್ನು ಕಳೆದುಕೊಂಡವನು ಕೇಳದೆ ಏನು ಮಾಡುತ್ತಾನೆ? ಅವನು ಸಮುದ್ರಕ್ಕೆ ಹೋಗುವ ಮೊದಲು, ಗಂಡಾದರೆ ಅವನ ಅಜ್ಜನ ಹೆಸರು ಲೋಯಿಕ್ ಎಂದು ಇಬ್ಬರೂ ಒಪ್ಪಿಕೊಂಡಿದ್ದಿರಿ. ಬಂದು ನೋಡಿದರೆ ದಾಖಲೆಯಲ್ಲಿ ರೆನೆ. ಸಂತರ ಪಟ್ಟಿಯಲ್ಲಿಲ್ಲದ ಆ ಬ್ರೆಟನ್ ಹೆಸರನ್ನು ಪುರಭವನದ ಗುಮಾಸ್ತ ಬರೆದುಕೊಳ್ಳಲಿಲ್ಲ ಎಂದು ನೀನು ಹೇಳಿದೆ. ಯಾನಿಕ್ ನಂಬಲಿಲ್ಲ. ಈಗ ಬಂದರಿನ ಹತ್ತಿರ ಅಣ್ಣನ ಮನೆಯಲ್ಲಿ ಮಲಗುತ್ತಿದ್ದಾನೆ.

ನೀನು ಸುಳ್ಳು ಹೇಳಲಿಲ್ಲ ಮಗಳೇ, ನಾನು ಹೇಳಿದ್ದನ್ನು ಹೇಳಿದೆ. ಗುಮಾಸ್ತ ಬೇಡ ಎನ್ನಲೇ ಇಲ್ಲ.

ಮೂರು ದಿನದೊಳಗೆ ಹೆಸರು ಬರೆಸಬೇಕಿತ್ತು. ಹೆರಿಗೆಗೆಂದು ತವರಿಗೆ ಬಂದಿದ್ದ ನೀನು ಇಲ್ಲಿಯ ಆಸ್ಪತ್ರೆಯ ಮಂಚದ ಮೇಲೆ, ಮಗುವಿನ ಅಪ್ಪ ನೀರಿನ ಮೇಲೆ. ಹಾಗಾಗಿ ನನ್ನನ್ನು ಕಳಿಸಿದೆ. ಗುಮಾಸ್ತ ಗಾಬೊರಿ ಕನ್ನಡಕ ಮೂಗಿಗೇರಿಸಿ, "ಲೋಯಿಕ್ಕಾ? ಬರೀತೀನಿ ಬಿಡಿ ಅಮ್ಮಾ. ಸಂತರ ಪಟ್ಟಿ ಹಿಡ್ಕೊಂಡು ಜನರ ಜೀವ ತಿನ್ನೋ ಕಾಲ ಹೋಯ್ತು," ಎಂದು ಪೆನ್ನು ತೆರೆದ. ಆಗ ನನ್ನ ಬಾಯಿ, "ಬೇಡ, ರೆನೆ ಅಂತ ಬರೀರಿ," ಎಂದಿತು. ಅವನು ತಲೆಯೆತ್ತಿ, "ಈಗ ತಾನೇ ಬೇರೆ ಹೇಳಿದ್ರಲ್ಲಾ?" ಎಂದ. "ಅದು ಅಪ್ಪನ ಆಸೆ, ತಾಯಿಗೆ ಇದೇ ಬೇಕಂತೆ," ಎಂದೆ. ನಿನ್ನ ಹೆಸರಿನಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿಬಿಟ್ಟೆ. ಆಸ್ಪತ್ರೆಗೆ ಬಂದು ನಿನಗೆ ಇನ್ನೊಂದು ಸುಳ್ಳು ಹೇಳಿದೆ. ದಾದಿ ನಕ್ಕು, "ರೆನೆನಾ? ಮುದುಕರ ಹೆಸರು! ಹುಟ್ತಾನೇ ಪಿಂಚಣಿ ಕೊಡ್ಸಿಬಿಟ್ರಲ್ಲ ಅಜ್ಜಿ!" ಎಂದಾಗ ನೀನೂ ಸಪ್ಪಗೆ ನಕ್ಕೆ. ಆ ನಗು ನನ್ನನ್ನು ಚುಚ್ಚುತ್ತಿದೆ.

ಏಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ಆ ಹೆಸರು ನಮ್ಮೂರಿನದು. ಲ್ಯಾಟಿನ್ನಿನಲ್ಲಿ ರೆನಾಟುಸ್, ಮತ್ತೆ ಹುಟ್ಟಿದವನು. ಮೊದಲಿಗೆ, ದೀಕ್ಷಾಸ್ನಾನದಿಂದ ಹೊಸ ಜನ್ಮ ಬಂತೆಂದು ಇಡುತ್ತಿದ್ದರಂತೆ. ಆಮೇಲೆ ನಮ್ಮ ಬಿಷಪ್ ಮೊರಿಯ್‌ರ ಕಥೆ ಸೇರಿಕೊಂಡಿತು. ಮಗು ಸಾಯುತ್ತಿದೆ, ಬನ್ನಿ ಎಂದು ತಾಯಿ ಕರೆದರೂ ಅವರು ಪೂಜೆ ಮುಗಿಸಿಕೊಂಡೇ ಹೊರಟರು. ಹೋಗುವಷ್ಟರಲ್ಲಿ ಮಗು ಹೋಗಿತ್ತು. ಆ ಪಾಪಕ್ಕೆ ಊರು ಬಿಟ್ಟು, ಸಮುದ್ರ ದಾಟಿ, ಯಾರದೋ ತೋಟದಲ್ಲಿ ಕಳೆ ಕೀಳುವ ಆಳಾದರು. ಈ ಭಾಗಕ್ಕೆ ನೀನು ಚಿಕ್ಕವಳಿದ್ದಾಗ ಕೈತಟ್ಟಿ ನಗುತ್ತಿದ್ದೆ. ಊರಿನವರು ಹುಡುಕಿ ಕರೆತಂದ ಮೇಲೆ ಅವರು ಸಮಾಧಿಯ ಮುಂದೆ ಅತ್ತರು, ಮಗು ಎದ್ದು ಬಂತು, ಅದಕ್ಕೆ ರೆನೆ ಎಂದು ಹೆಸರಿಟ್ಟರು, ಅವನೇ ಬೆಳೆದು ಸಂತ ರೆನೆ ಆದ. ಮುಂದೆ ನಮ್ಮ ದೊರೆಯೊಬ್ಬನಿಗೂ ಅದೇ ಹೆಸರು; ಈಗಲೂ ಕೋಟೆಯ ಹತ್ತಿರ ಕಂಚಿನವನಾಗಿ ನಿಂತಿದ್ದಾನೆ. ನನ್ನ ಕಾಲಕ್ಕೆ ರೆನೆ ಎಂದು ಬೀದಿಯಲ್ಲಿ ಕೂಗಿದರೆ ರೊಟ್ಟಿಯಂಗಡಿಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ತಿರುಗುತ್ತಿದ್ದರು.

ಇವೆಲ್ಲ ನೆಪ. ನಿಜ ಇಷ್ಟೇ: ನಿನ್ನ ಮೊದಲ ಕೂಸು ಹೋದ ಮೇಲೆ ನಾನು ದಿನವೂ ಚರ್ಚಿನಲ್ಲಿ ಆ ಸಂತ ರೆನೆಯ ಮೂರ್ತಿಯ ಮುಂದೆ ಕೂತು, "ನಿನ್ನನ್ನು ಎಬ್ಬಿಸಿದರಲ್ಲ, ನಮ್ಮವನನ್ನೂ ಎಬ್ಬಿಸು" ಎಂದು ಜಗಳ ತೆಗೆಯುತ್ತಿದ್ದೆ. ಇವನು ಹುಟ್ಟಿದಾಗ ಅದೇ ಕೆಂಚು ಕೂದಲು ಕಂಡು ನನ್ನ ಬುದ್ಧಿ ಕೆಟ್ಟಿತು. ಸಂತ ಅವನನ್ನೇ ಮರಳಿ ಕೊಟ್ಟೇಬಿಟ್ಟ ಎಂದುಕೊಂಡೆ. ನಿನ್ನ ಮಗನಿಗೆ ಹೆಸರಿಡಲು ಹೋದವಳು ನನ್ನ ಸಂಕಟಕ್ಕೆ ಮದ್ದು ಅರೆದುಕೊಂಡು ಬಂದೆ.

ಪಕ್ಕದ ಮನೆಯ ಮದಾಮ್ ಪೆಲ್ತಿಯೆಗೆ ಇದನ್ನು ಹೆಮ್ಮೆಯಿಂದಲೇ ಹೇಳಿದ್ದೆ. ಕಾಫಿ ಬಟ್ಟಲು ಕೆಳಗಿಟ್ಟು, "ಒದೀಲ್, ಆ ಕೂಸಿಗೆ ಇನ್ನೂ ಕತ್ತೇ ನಿಂತಿಲ್ಲ, ಆಗ್ಲೇ ಅದರ ಮೇಲೆ ಹೆಣ ಹೊರಿಸಿದ್ಯಾ?" ಎಂದಳು. ಮುಖಕ್ಕೆ ಹೊಡೆದಂತಾಯಿತು. ಅವಳ ಜೊತೆ ಮಾತು ಬಿಟ್ಟೆ. ನಿನ್ನ ಫೋನು ಬಂದ ಮೇಲೆ ನಾನೇ ಹೋಗಿ ಅವಳ ಬಾಗಿಲು ತಟ್ಟಿದೆ.

ಇವತ್ತು ಬೆಳಿಗ್ಗೆ ಪುರಭವನಕ್ಕೆ ಹೋಗಿದ್ದೆ. ಗಾಬೊರಿ ಚೆನ್ನಾಗಿ ಬೈದ. "ಇದೇನು ಸ್ಲೇಟಾ ಅಮ್ಮಾ, ಉಗುಳಿ ಒರೆಸಕ್ಕೆ?" ಎಂದ. ಹೆಸರು ಬದಲಿಸಲು ತಂದೆತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಂತೆ. ತಪ್ಪು ಬರೆಸಿದವಳು ಹಾಗೆಂದು ಬರೆದುಕೊಟ್ಟರೆ ಒಳ್ಳೆಯದಂತೆ. ಆದ್ದರಿಂದ ಈ ಪತ್ರವನ್ನು ನ್ಯಾಯಾಧೀಶರಿಗೂ ತೋರಿಸು. ಅವರು ಕರೆಸಿದರೆ ಬಂದು ನಿಂತು ಹೇಳುತ್ತೇನೆ. ಯಾನಿಕ್‌ಗೆ ಹೇಳು, ಸೊಲಾಂಜಳದೇನೂ ತಪ್ಪಿಲ್ಲ, ಮನೆಗೆ ಬಾ ಎಂದು ಅತ್ತೆ ಕೈಮುಗಿದಿದ್ದಾಳೆ ಎಂದು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ಇನ್ನೂ ಬಂದಿಲ್ಲ.

ತಲೆ ತಗ್ಗಿಸಿಕೊಂಡು, ನಿನ್ನ ತಾಯಿ,
ಒದೀಲ್ ಮರೀ ಬೂವಿಯೆ

ಬರೆಯದೆ ಉಳಿದದ್ದು: ಪುರಭವನದಿಂದ ಸೀದಾ ನಿನ್ನ ಮೊದಲ ಕೂಸಿನ ಸಮಾಧಿಗೆ ಹೋದೆ. ಅವನು ಹೋದಾಗಿನಿಂದ ಮೊದಲನೆಯವನು, ಪಾಪದ ಕೂಸು ಎನ್ನುತ್ತಿದ್ದೆನೇ ಹೊರತು ಹೆಸರು ಹಿಡಿದು ಒಮ್ಮೆಯೂ ಕರೆದಿರಲಿಲ್ಲ. ಮೇಲೆ ಬರೆದದ್ದರಲ್ಲೂ ಕರೆದಿಲ್ಲ, ನೋಡು. ಇವತ್ತು ಕಲ್ಲಿನ ಮುಂದೆ ನಿಂತು ಗಟ್ಟಿಯಾಗಿ ಎತಿಯೆನ್ ಎಂದೆ. ಯಾರೂ ಏಳಲಿಲ್ಲ. ಅಲ್ಲೇ ಕೂತು ಮನಸಾರೆ ಅತ್ತೆ, ಸೊಲಾಂಜ್. ಲೋಯಿಕ್‌ಗೆ ಅಜ್ಜಿಯ ಮುತ್ತು.