ಅಲೆಯ ಮೇಲಿನ ಉಪ್ಪು

ಸೋಮವಾರ, ಬೆಳಿಗ್ಗೆ

ಮೇಷ್ಟ್ರೇ,

‘ಪ್ರಿಯ’ ಎಂದು ಬರೆಯಹೋಗಿ ಕೈ ನಿಂತಿತು. ಊರಿಗೆಲ್ಲ ನೀವು ಮೇಷ್ಟ್ರು, ಹೆಂಡತಿಗೂ ಅದೇ ಇರಲಿ.

ನಿನ್ನೆ ಪ್ರದರ್ಶನದಲ್ಲಿ ನನ್ನ ಕಡಲಿನ ಚಿತ್ರದ ಮುಂದೆ ನಿಂತು ಅರ್ಧ ಗಂಟೆ ಮಾತಾಡಿದಿರಿ. ನಾನು ಕಂಬದ ಪಕ್ಕದಲ್ಲೇ ಇದ್ದೆ. ಬರೆದವಳು ಇಲ್ಲೇ ಇದ್ದಾಳಲ್ಲ, ಒಂದು ಮಾತು ಕೇಳೋಣ ಎಂದು ನಿಮಗೆ ಅನ್ನಿಸಲೇ ಇಲ್ಲ. ಬೂದು ಮೋಡ ಅಂದರೆ ಪಶ್ಚಾತ್ತಾಪವಂತೆ. ಖಾಲಿ ದೋಣಿ ಗಂಡನ ಮನೆ ಬಿಟ್ಟುಹೋದ ಹೆಣ್ಣಂತೆ. ಅದರ ಮೂತಿ ದಡದ ಕಡೆಗಿದೆ, ಹಾಗಾಗಿ ಅವಳು ಮರಳಿ ಬರುವವಳಂತೆ. ಹೆಸರು ಹೇಳಲಿಲ್ಲ, ನಿಜ. ಆದರೆ ಅಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನನ್ನನ್ನೇ ನೋಡಿದರು. ಮೈಯೆಲ್ಲ ಉರಿದುಹೋಯಿತು.

ಅಲೆಯ ಮೇಲಿನ ಬಿಳಿ ಚುಕ್ಕೆಗಳನ್ನು ಏನೆಂದಿರಿ? ಬರೆಯುವಾಗ ಉದುರಿದ ಕಣ್ಣೀರು! ಅದು ಉಪ್ಪು ಕಣ್ರೀ, ಅಡುಗೆಮನೆ ಉಪ್ಪು. ಒದ್ದೆ ಬಣ್ಣದ ಮೇಲೆ ಒಂದು ಚಿಟಿಕೆ ಹಾಕಿದರೆ ಅದು ಬಣ್ಣ ಹೀರಿಕೊಂಡು ನೊರೆಯಂಥ ಚುಕ್ಕೆ ಉಳಿಸುತ್ತದೆ. ಕಾಲೇಜಿನಲ್ಲಿ ಕಲೆಯ ಇತಿಹಾಸ ಕಲಿಸುವವರಿಗೆ ಕುಂಚ ಒದ್ದೆ ಮಾಡುವ ಅಭ್ಯಾಸವಿಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಮನೆಯಲ್ಲಿದ್ದಾಗಲೂ ನಾನು ಹೀಗೇ ಮಾಡುತ್ತಿದ್ದೆ. ಊಟದ ಮೇಜಿನ ಮೇಲೆಲ್ಲ ಉಪ್ಪು ಚೆಲ್ಲಿದ್ದೀಯ ಎಂದು ರೇಗುತ್ತಿದ್ದಿರಿ. ಯಾಕೆ ಚೆಲ್ಲಿದೆ ಎಂದು ಒಂದು ದಿನವಾದರೂ ಕೇಳಿದಿರಾ?

ದೋಣಿ ಖಾಲಿ ಇದ್ದದ್ದು ದೋಣಿಯವನು ಚಹಾ ಕುಡಿಯಲು ಹೋಗಿದ್ದರಿಂದ. ಮೂತಿ ದಡದ ಕಡೆಗಿದ್ದದ್ದು ಅದನ್ನು ಅಲ್ಲಿ ಹಗ್ಗ ಹಾಕಿ ಕಟ್ಟಿದ್ದರಿಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಇವತ್ತು ಬೆಳಗಾಗುತ್ತಲೇ ನಿಮ್ಮ ತಂಗಿ ಫೋನ್ ಮಾಡಿ, ಸಾಮಾನು ತರಲು ಟೆಂಪೊ ಯಾವಾಗ ಕಳಿಸಲಿ ಎಂದಳು. ನನ್ನ ರೂಮಿನ ಓನರ್ ಆದ ಕೆಳಗಿನ ಅಂಗಡಿಯ ಟೈಲರ್, ರೂಮು ಯಾವಾಗ ಬಿಡುತ್ತೀರಿ ಎಂದು ಕೇಳಿದರು. ನಾನು ಬಾಯಿಬಿಟ್ಟು ಆಡದ ಮಾತನ್ನು ನೀವು ಊರಿಗೆಲ್ಲ ಹಂಚಿದ್ದೀರಿ.

ಬರುವ ಭಾನುವಾರ ಪ್ರದರ್ಶನದ ಕೊನೆಯ ದಿನ, ಅವತ್ತೂ ಭಾಷಣ ನಿಮ್ಮದೇ. ಅವಳು ಮರಳಿ ಬರುವುದಿಲ್ಲ, ನಾನು ಹೇಳಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿ. ಇಲ್ಲವಾದರೆ ಮೈಕು ನಾನೇ ಕಿತ್ತುಕೊಳ್ಳುತ್ತೇನೆ. ಆಗ ಉಪ್ಪಿನ ವಿಷಯಕ್ಕೇ ನಿಲ್ಲಿಸುವವಳಲ್ಲ.

ಹಾಗಾದರೆ ಚಿತ್ರಕ್ಕೆ ಅರ್ಥವೇ ಇಲ್ಲವಾ ಎನ್ನುತ್ತೀರಿ. ಇದೆ. ಮನೆ ಬಿಟ್ಟ ಮೊದಲ ವಾರ ಬರೆದದ್ದು ಅದು. ಮೋಡ ಕವಿದಿತ್ತು, ಗಾಳಿಗೆ ಕಾಗದ ನಿಲ್ಲುತ್ತಿರಲಿಲ್ಲ, ಹೊತ್ತಾಯಿತೆಂದು ಯಾರಿಗೂ ಹೆದರಬೇಕಾಗಿರಲಿಲ್ಲ. ಅಂಥ ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ನನ್ನ ಸಂತೋಷವನ್ನು ನೀವು ನೋಡಿದವರೇ ಅಲ್ಲ. ಎದುರಿಗೆ ಬಂದು ನಿಂತರೂ ಅದು ನಿಮಗೆ ದುಃಖದ ಹಾಗೆ ಕಂಡಿತು.

ಇತಿ,
ಚಿತ್ರ ಬರೆದವಳು

ತಾ.ಕ.: ನಿನ್ನೆ ಅತ್ತೆಯವರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಕಿವಿ ಮಂದ, ನಿಮ್ಮ ಒಂದು ಮಾತೂ ಕೇಳಿಸಿರಲಿಲ್ಲ. ಜನ ಚದುರಿದ ಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿ ನನ್ನ ಕೈ ಹಿಡಿದುಕೊಂಡರು. “ಅವತ್ತು ತುಂಬಾ ಖುಷಿಯಾಗಿದ್ದೆ ಅಲ್ವೇನೇ? ನನ್ನೂ ಕರ್ಕೊಂಡು ಹೋಗೆ” ಅಂದರು. ಬುಧವಾರ ಬರುತ್ತೇನೆ. ಅವರ ಟ್ರಂಕು, ಮಂಡಿನೋವಿನ ಎಣ್ಣೆ ತೆಗೆದಿಡಿ.